ಅವಳಿ ಬೆಳಕಿನ ಮೇಲೆ ಇಲಾಖಾ ವಿಚಾರಣೆ

ನಮ್ಮ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಎರಡು ಬೆಳಕಿನ ಕಣಗಳು ತಮ್ಮ ರಕ್ತಸಂಬಂಧವನ್ನು ಮುಚ್ಚಿಟ್ಟು ಒಂದೇ ಕೊಠಡಿಯಲ್ಲಿ ಸೇವೆ ಸಲ್ಲಿಸುತ್ತಿವೆ ಎಂಬ ಗಂಭೀರ ಸಂಗತಿ ಹೋದ ವರ್ಷ ಮೂರನೇ ತಿಂಗಳ ಹನ್ನೊಂದನೇ ತಾರೀಖು ಬೆಳಗ್ಗೆ ಹತ್ತೂ ಮುಕ್ಕಾಲಿಗೆ ಆಡಳಿತದ ಗಮನಕ್ಕೆ ಬಂತು. ಸದರಿ ಕಣಗಳಿಗೆ ಕಾರಣ ಕೇಳಿ ನೋಟಿಸು ಬರೆದವನು ನಾನೇ. ಮೂವತ್ತೊಂದು ವರ್ಷದಿಂದ ಸಿಬ್ಬಂದಿ ಶಾಖೆಯ ಹೆಡ್ ಕ್ಲರ್ಕು. ಆ ನೋಟಿಸಿನಲ್ಲಿ ಒಂದೇ ಒಂದು ಕಾಗುಣಿತದ ತಪ್ಪು ತೋರಿಸಿದರೆ ಇವತ್ತೇ ಪೆನ್ನು ಕೆಳಗಿಡುತ್ತೇನೆ.

ತಿಳಿಯದವರು ನಗಬಹುದು. ನಗಲಿ ಪಾಪ. ನಿಯಮ ಹತ್ತೊಂಬತ್ತು ನಗುವ ವಿಷಯವಲ್ಲ. "ಒಂದೇ ಮನೆತನಕ್ಕೆ ಸೇರಿದ, ಅಥವಾ ಒಂದೇ ಮೂಲದಿಂದ ಹುಟ್ಟಿದ ಇಬ್ಬರು ಒಂದೇ ಕಟ್ಟಡದಲ್ಲಿ ಕೆಲಸ ಮಾಡತಕ್ಕದ್ದಲ್ಲ. ಸಂಬಂಧವನ್ನು ಮುಚ್ಚಿಟ್ಟಲ್ಲಿ ಇಬ್ಬರನ್ನೂ ವಜಾ ಮಾಡತಕ್ಕದ್ದು." ಏಳು ವರ್ಷದ ಹಿಂದೆ ನಮ್ಮ ನಿರ್ದೇಶಕರು ಬಂದ ವಾರವೇ ಈ ನಿಯಮ ಬರೆಸಿದರು. ಅಂದಿನಿಂದ ಪ್ರತಿ ವರ್ಷ ಎಲ್ಲರೂ 'ಸಂಬಂಧವಿಲ್ಲದ ಪ್ರಮಾಣಪತ್ರ'ಕ್ಕೆ ಸಹಿ ಹಾಕಿಕೊಡುತ್ತಾರೆ. ಇಡೀ ಸಂಸ್ಥೆಯಲ್ಲಿ ಯಾರಿಗೂ ಯಾರೂ ಏನೂ ಆಗಬೇಕಿಲ್ಲ ಎಂದು ನನ್ನ ಬೀರುವಿನಲ್ಲಿ ಇನ್ನೂರ ಹನ್ನೆರಡು ಸಹಿ ಇವೆ. ಉಗ್ರಾಣದ ಮೇಲ್ವಿಚಾರಕರು ನಿರ್ದೇಶಕರ ಹೆಂಡತಿಯ ತಮ್ಮನಂತೆ ಕಾಣುತ್ತಾರೆ ಎಂದು ಕೆಲವರು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಾರೆ. ನಾನು ಅವರ ಪ್ರಮಾಣಪತ್ರವನ್ನು ಕಣ್ಣಾರೆ ನೋಡಿದ್ದೇನೆ. ಹಾಗೆ ಕಾಣುತ್ತಾರೆ, ಅಷ್ಟೇ.

ಆ ಇನ್ನೂರ ಹನ್ನೆರಡರಲ್ಲಿ ಒಂದು ಸುಳ್ಳು ಸಹಿ ನನ್ನದು. ಇನ್ನೊಂದು ನನ್ನ ಅಕ್ಕನ ಮಗಳದು.

ಇದನ್ನು ಹೇಳಿಬಿಡುವುದೇ ಒಳ್ಳೆಯದು. ಈ ನೋಟಿಸಿಗೆ ನಾಲ್ಕು ವರ್ಷ ಮೊದಲು ಅವಳು ಬೆಳಕಿನ ಪ್ರಯೋಗಾಲಯಕ್ಕೆ ಕರಾರಿನ ಮೇಲೆ ಬಂದಳು. ತನ್ನ ಯೋಗ್ಯತೆಯಿಂದಲೇ ಬಂದಳು. ನಾನು ಹುಲ್ಲುಕಡ್ಡಿಯನ್ನೂ ಅಲ್ಲಾಡಿಸಲಿಲ್ಲ. ಆದರೆ ಅವಳ ಲೇಸರ್ ಮೇಜು ಇರುವುದು ಈ ಕಟ್ಟಡದಲ್ಲಿ, ನನ್ನ ಮೇಜು ಇರುವುದೂ ಇದೇ ಕಟ್ಟಡದಲ್ಲಿ. ನಿಜ ಬರೆದಿದ್ದರೆ ಅವಳಿಗೆ ಕೆಲಸವೇ ಇರುತ್ತಿರಲಿಲ್ಲ. ಸೈಕಲ್ ಕಲಿಸುವಾಗ ಹಿಂದೆ ಹಿಡಿದುಕೊಂಡು ಓಡಿದವನು ನಾನು. ಅಂಥವಳ ಎದುರಿಗೆ ದಿನಾ ಕಾರಿಡಾರಿನಲ್ಲಿ "ನಮಸ್ಕಾರ ಮೇಡಂ" ಎನ್ನುತ್ತಿದ್ದೆ. ಅವಳು "ನಮಸ್ಕಾರ ಹೆಡ್ ಕ್ಲರ್ಕ್ ಅವರೇ" ಎನ್ನುತ್ತಿದ್ದಳು.

ಆಫೀಸಿನಲ್ಲಿ ಅವಳಿಗೆ 'ಕತ್ತಲೆ ಮೇಡಂ' ಎಂದು ಹೆಸರು, ಏಕೆಂದರೆ ಬೆಳಕಿನ ಪ್ರಯೋಗಾಲಯದಲ್ಲಿ ಸದಾ ದೀಪ ಆರಿಸಿರಬೇಕು. ಅಲ್ಲಿ ಏನು ನಡೆಯುತ್ತದೆ ಎಂದು ಒಂದು ಭಾನುವಾರ ಅಕ್ಕನ ಮನೆಯ ಅಡುಗೆಕಟ್ಟೆಯ ಮೇಲೆ ಕೂತು ನನಗೆ ಬಿಡಿಸಿ ಹೇಳಿದ್ದಳು.

"ಲೇಸರ್ ಕಿರಣಾನ ಒಂದು ಹರಳಿನೊಳಗೆ ಬಿಡ್ತೀನಿ ಮಾಮ. ಕೋಟಿಯಲ್ಲಿ ಒಂದು ಸಲ, ಒಂದು ಕಣ ಒಡೆದು ಎರಡಾಗುತ್ತೆ. ಅವೆರಡೂ ಅವಳಿ. ಹೆಣೆದುಕೊಂಡೇ ಹುಟ್ಟಿರುತ್ತವೆ. ಒಂದನ್ನ ಎಷ್ಟು ದೂರ ಒಯ್ದು ಏನು ಕೇಳಿದ್ರೂ, ಇಲ್ಲಿರೋದು ಅದಕ್ಕೆ ತಕ್ಕ ಉತ್ತರಾನೇ ಕೊಡುತ್ತೆ. ಇವನ್ನ ಇಟ್ಕೊಂಡು ಯಾರೂ ಕದ್ದು ಓದೋಕಾಗದ ಪತ್ರ ಕಳಿಸಬಹುದು."

"ಯಾರೂ ಕದ್ದು ಓದೋಕಾಗಲ್ಲ ಅಂದ್ರೆ ನಮ್ಮ ಟಪ್ಪಾಲು ಶಾಖೆಯವರು ಏನು ಮಾಡ್ಬೇಕೇ?" ಎಂದು ಕೇಳಿದೆ. ಅವಳು ಹಣೆ ಚಚ್ಚಿಕೊಂಡಳು.

ಅವಳ ಕರಾರು ಆ ವರ್ಷ ಐದನೇ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅವಳಿಗಳನ್ನು ಎರಡು ಬೇರೆ ಕಟ್ಟಡಗಳಲ್ಲಿಟ್ಟು ಆಗಲೂ ಸಂಬಂಧ ಉಳಿದಿದೆ ಎಂದು ತೋರಿಸಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಮನೆ. ಅದಕ್ಕೆ ನಮ್ಮ ಕಟ್ಟಡದಿಂದ ಒಂದೂವರೆ ಕಿಲೋಮೀಟರ್ ಆಚೆಯ ಹಳೇ ಕಟ್ಟಡಕ್ಕೆ ಒಂದು ಗಾಜಿನ ಎಳೆಯ ಕೇಬಲ್ ಬೇಕಿತ್ತು. ಎರಡು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದಳು. ಕಡತ ಹದಿನಾಲ್ಕು ಮೇಜು ಸುತ್ತಿ, "ಅಷ್ಟು ದೂರ ಯಾಕೆ? ಹತ್ತಿರದಲ್ಲೇ ಇಡಬಹುದಲ್ಲ?" ಎಂಬ ಷರಾದೊಂದಿಗೆ ಹದಿನಾಲ್ಕು ಸಲ ಹಿಂದೆ ಬಂದಿತ್ತು.

ಹೀಗಿರುವಾಗ ಅವಳ ವಾರ್ಷಿಕ ವರದಿ ಜಾಗೃತಾಧಿಕಾರಿಗಳ ಕೈಗೆ ಸಿಕ್ಕಿತು. ಏನೇ ಬರೆದರೂ ಎರಡು ಪ್ರತಿ ಕೇಳುವ ಅವರನ್ನು ನಾವು 'ಎರಡು ಪ್ರತಿ ಸಾಹೇಬರು' ಎನ್ನುತ್ತೇವೆ. ಮಗುವಿನಂಥ ಮನುಷ್ಯ. ಸಂಸ್ಥೆಯಲ್ಲಿ ನಿಜಕ್ಕೂ ನೆಂಟರಿಲ್ಲದವರು ಅವರೊಬ್ಬರೇ, ಆದ್ದರಿಂದ ಆ ಹುದ್ದೆಗೆ ಅವರೊಬ್ಬರೇ ಸಿಕ್ಕಿದ್ದರು.

"ಇಲ್ನೋಡಿ, ಪುಟ ಆರು," ಎಂದು ನನ್ನ ಮೇಜಿನ ಮೇಲೆ ಬೆರಳಿಟ್ಟರು. "'ಒಂದೇ ಮೂಲದಿಂದ ಒಂದೇ ಕ್ಷಣದಲ್ಲಿ ಹುಟ್ಟಿದ ಈ ಎರಡು ಕಣಗಳ ನಡುವೆ ಬಿಡಿಸಲಾಗದ ಸಂಬಂಧವಿದೆ.' ರಾಜಾರೋಷವಾಗಿ ಬರೆದಿದ್ದಾರೆ! ಇವೆರಡೂ ಪ್ರಮಾಣಪತ್ರ ಕೊಟ್ಟಿವೆಯಾ?"

"ಇಲ್ಲ ಸಾರ್."

"ಯಾವಾಗಿಂದ ಕೆಲಸ ಮಾಡ್ತಿವೆ?"

"ಹುಟ್ಟಿದ ತಕ್ಷಣ ಕೆಲಸಕ್ಕೆ ಹಚ್ತಾರಂತೆ ಸಾರ್."

ಅವರು ಗಾಬರಿಯಾದರು. "ಅದು ಬಾಲಕಾರ್ಮಿಕರ ವಿಷಯ. ಅದಕ್ಕೆ ಬೇರೆ ಕಡತ ತೆಗೀರಿ. ಸದ್ಯಕ್ಕೆ ಇದಕ್ಕೊಂದು ನೋಟಿಸು ಬರೀರಿ. ಎರಡು ಪ್ರತಿ."

ಬರೆದೆ. ನೋಟಿಸನ್ನು ಕಣಗಳಿಗೆ ಕೈಗೆ ಕೊಡಲಾಗದ ಕಾರಣ ಪ್ರಯೋಗಾಲಯದ ಬಾಗಿಲಿಗೆ ಅಂಟಿಸಲಾಯಿತು. ಅಕ್ಕನ ಮಗಳು ಅದನ್ನು ಓದಿ ನೇರ ನನ್ನ ಶಾಖೆಗೆ ಬಂದಳು. ಸುತ್ತ ಆರು ಜನ ಗುಮಾಸ್ತರಿದ್ದರು.

"ಹೆಡ್ ಕ್ಲರ್ಕ್ ಅವರೇ," ಎಂದಳು, ಹಲ್ಲು ಕಚ್ಚಿಕೊಂಡು. "ಬೆಳಕಿಗೆ ನೋಟಿಸಾ?"

"ಏಳು ದಿನದೊಳಗೆ ಉತ್ತರ ಕೊಡತಕ್ಕದ್ದು ಮೇಡಂ," ಎಂದೆ. ಮತ್ತೇನು ಹೇಳಲಿ?

ಅವಳ ಉತ್ತರ ಚೆನ್ನಾಗಿಯೇ ಇತ್ತು. ಕಣಗಳು ಸಿಬ್ಬಂದಿಯಲ್ಲ, ಸಲಕರಣೆ. ನಿಯಮ ಹತ್ತೊಂಬತ್ತರ ಉಪನಿಯಮ ನಾಲ್ಕರ ಪ್ರಕಾರ ಜೋಡಿ ಸಲಕರಣೆಗಳಿಗೆ ವಿನಾಯಿತಿ ಇದೆ. ಕತ್ತರಿಯ ಎರಡು ಅಲಗನ್ನು ಎರಡು ಕಟ್ಟಡಕ್ಕೆ ಹಂಚಿದ ಒಂದು ಪ್ರಸಂಗದ ನಂತರ ಸೇರಿಸಿದ ಉಪನಿಯಮ ಅದು. ಎರಡು ಪ್ರತಿ ಸಾಹೇಬರು ಒಪ್ಪಿದರು. ಸಲಕರಣೆಯಾದರೆ ಮೈಮೇಲೆ ಉಗ್ರಾಣದ ಸ್ಟಿಕ್ಕರ್ ಇರಬೇಕು, ತೋರಿಸಿ ಎಂದರು. ಉಗ್ರಾಣದ ಮೇಲ್ವಿಚಾರಕರು ಸ್ಟಿಕ್ಕರ್ ಸುರುಳಿ ಹಿಡಿದುಕೊಂಡು ಪ್ರಯೋಗಾಲಯಕ್ಕೆ ಹೋಗಿ ಒಂದು ಮಧ್ಯಾಹ್ನವೆಲ್ಲ ಶ್ರಮಿಸಿದರು. ಅಂಟಲಿಲ್ಲ. "ಸ್ಟಿಕ್ಕರ್ ಅಂಟದ ಕಾರಣ ಸದರಿಯವರು ಸಿಬ್ಬಂದಿಯೇ" ಎಂದು ತೀರ್ಮಾನವಾಯಿತು. ಮುಚ್ಚಿಟ್ಟಿದ್ದನ್ನು ವರದಿಯಲ್ಲಿ ತಾವಾಗಿಯೇ ಒಪ್ಪಿಕೊಂಡಿದ್ದರಿಂದ ವಜಾ ಬೇಡ, ಒಂದನ್ನು ಹಳೇ ಕಟ್ಟಡಕ್ಕೆ ವರ್ಗಾಯಿಸಿದರೆ ಸಾಕು ಎಂದು ಆದೇಶವಾಯಿತು.

ವರ್ಗಾವಣೆಯಾದವರಿಗೆ ಏಳು ದಿನದೊಳಗೆ ಪ್ರಯಾಣದ ವ್ಯವಸ್ಥೆ ಮಾಡಿಕೊಡಬೇಕು, ಅದೂ ನಿಯಮ. ಬೆಳಕು ಪ್ರಯಾಣ ಮಾಡುವುದು ಗಾಜಿನ ಎಳೆಯಲ್ಲಿ. ಎರಡು ವರ್ಷ ಅಲೆದರೂ ಸಿಗದಿದ್ದ ಕೇಬಲ್ಲನ್ನು ಮೂರೇ ದಿನದಲ್ಲಿ ಎಳೆದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕೇಬಲ್ಲಿನ ತುದಿ ಹಿಡಿದುಕೊಂಡು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮಗಳು ನಗಬೇಕೋ ಅಳಬೇಕೋ ತಿಳಿಯದೆ ನನ್ನ ಕಡೆ ನೋಡಿದಳು. ನಾನು ಕಡತ ನೋಡಿದೆ.

ತೊಂದರೆ ಶುರುವಾದದ್ದು ಹಾಜರಿಯಲ್ಲಿ. ಇಲ್ಲಿಂದ ನೂರು ಕಣ ಹೊರಟರೆ ಅಲ್ಲಿಗೆ ತಲುಪುತ್ತಿದ್ದುದು ಎಂಟು. ಹಳೆಯ ಕೇಬಲ್ಲನ್ನೇ ತೊಳೆದು ಹಾಕಿದ್ದರು, ದಾರಿಯಲ್ಲಿ ಬೆಳಕು ಸೋರುತ್ತಿತ್ತು. ಉಳಿದ ತೊಂಬತ್ತೆರಡು ರಜೆ ಚೀಟಿ ಕೊಡದೆ ಗೈರು ಎಂದು ಎರಡು ಪ್ರತಿ ಸಾಹೇಬರು ಸಿಡಿಮಿಡಿಗೊಂಡರು. ಅಕ್ಕನ ಮಗಳು ಮೊದಲ ಹರಳಿನ ಪಕ್ಕ ಎರಡನೆಯ ಹರಳು ಕೂರಿಸಿದಳು. ಅದು ಬೆಳಕನ್ನು ಹೆಚ್ಚಿಸುವ ವರ್ಧಕ: ಒಂದು ಜೋಡಿ ಒಳಗೆ ಹೋದರೆ ಅದೇ ಬಗೆಯ ಹಲವು ಜೋಡಿಗಳು ಹೊರಗೆ ಬರುತ್ತವೆ. ಅದಕ್ಕೊಂದು ತಿರುಪು ಗುಂಡಿ ಇತ್ತು.

ಗುಂಡಿ ಇದೆ ಎಂದು ಗೊತ್ತಾಗಿದ್ದೇ ತಡ, ನಿರ್ದೇಶಕರು ಬಂದರು.

"ಎಷ್ಟು ಜೋಡಿ ಬರ್ತಿವೆ?"

"ಸೆಕೆಂಡಿಗೆ ನಾನೂರು ಸಾರ್. ಇಷ್ಟು ಸಾಕು."

"ಕಣ್ಣಿಗೇ ಕಾಣ್ತಿಲ್ಲವಲ್ಲಮ್ಮ."

"ಕಣ್ಣಿಗೆ ಕಾಣೋ ಬೆಳಕಲ್ಲ ಸಾರ್ ಅದು."

"ಕಾಣದ ಬೆಳಕಿಗೆ ಇಷ್ಟು ದೊಡ್ಡ ಕೊಠಡಿಯಾ? ಜಾಸ್ತಿ ಮಾಡಿ."

"ಹದ ಮೀರಿದ್ರೆ ಸಂಬಂಧವೇ ಇಲ್ಲದ ಬೆಳಕೂ ಒಳಗೆ ಸೇರ್ಕೊಳ್ಳುತ್ತೆ ಸಾರ್. ಮದುವೆ ಮನೇಲಿ ಹೆಣ್ಣಿನ ಕಡೆಯವರೂ ಅಲ್ಲದೆ ಗಂಡಿನ ಕಡೆಯವರೂ ಅಲ್ಲದೆ ಊಟಕ್ಕೆ ಕೂತಿರ್ತಾರಲ್ಲ, ಹಾಗೆ. ಆಮೇಲೆ ಯಾರು ಯಾರಿಗೆ ಏನಾಗ್ಬೇಕು ಅಂತ ಗೊತ್ತೇ ಆಗಲ್ಲ."

"ಕೂತ್ಕೊಳ್ಳಲಿ ಬಿಡಿ. ಮನೆ ತುಂಬಿ ಕಾಣ್ಬೇಕು," ಎಂದು ನಿರ್ದೇಶಕರು ತಾವೇ ಗುಂಡಿಯನ್ನು ಕೊನೆವರೆಗೂ ತಿರುಗಿಸಿದರು. ಎಣಿಕೆ ಯಂತ್ರದ ಅಂಕಿ ನಾನೂರರಿಂದ ಒಂಬತ್ತು ಲಕ್ಷಕ್ಕೆ ಹಾರಿತು. ಸಂಬಂಧ ತೋರಿಸುವ ಇನ್ನೊಂದು ಅಂಕಿ ಸೊನ್ನೆಗೆ ಇಳಿಯಿತು. ನಿರ್ದೇಶಕರು ದೊಡ್ಡ ಅಂಕಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಸಂಸ್ಥೆಯ ಬೆಳಕು ಎರಡು ಸಾವಿರದ ಇನ್ನೂರ ಐವತ್ತು ಪಟ್ಟು ಹೆಚ್ಚಾಗಿದೆ ಎಂದು ಸುತ್ತೋಲೆ ಹೊರಡಿಸಲು ಹೋದರು. ಅವರ ಬೆನ್ನು ತಿರುಗಿದ ಮೇಲೆ ಅಕ್ಕನ ಮಗಳು ಗುಂಡಿಯನ್ನು ಮತ್ತೆ ಹದಕ್ಕೆ ತಂದಳು.

ಎರಡೂ ಕಟ್ಟಡದಿಂದ ಕರ್ತವ್ಯಕ್ಕೆ ಹಾಜರಾದ ವರದಿಗಳು ಬರತೊಡಗಿದವು. ಬೆಳಕಿನ ಕಣಕ್ಕೆ ಕೇಳಬಹುದಾದ ಪ್ರಶ್ನೆ ಬಹಳ ಸರಳ: ನಿಂತಿದ್ದೀಯೋ, ಮಲಗಿದ್ದೀಯೋ? ಅಥವಾ: ಎಡಕ್ಕೆ ವಾಲಿದ್ದೀಯೋ, ಬಲಕ್ಕೆ ವಾಲಿದ್ದೀಯೋ? ಇಲ್ಲಿಯದು ನಿಂತಿದ್ದೇನೆ ಎಂದರೆ ಅಲ್ಲಿಯದೂ ನಿಂತಿದ್ದೇನೆ ಎನ್ನುತ್ತಿತ್ತು. ಇಲ್ಲಿ ಮಲಗಿದರೆ ಅಲ್ಲೂ ಮಲಗುತ್ತಿತ್ತು. ಒಂದೇ ಒಂದು ಸಲವೂ ಮಾತು ತಪ್ಪಲಿಲ್ಲ.

"ಬೇರೆ ಮಾಡಿದ ಮೇಲೂ ಇವು ಒಳಗೊಳಗೇ ಮಾತಾಡ್ಕೊಳ್ತಿವೆ!" ಎಂದು ಎರಡು ಪ್ರತಿ ಸಾಹೇಬರು ಇಲಾಖಾ ವಿಚಾರಣೆಗೆ ಆದೇಶ ಮಾಡಿದರು. ಈ ಕಟ್ಟಡದಲ್ಲಿ ಅವರು, ಹಳೇ ಕಟ್ಟಡದಲ್ಲಿ ನಾನು. ಪ್ರಶ್ನೆಪತ್ರಿಕೆ ಮೊದಲೇ ಸೋರಿಕೆಯಾಗದಂತೆ, ಯಾವ ಪ್ರಶ್ನೆ ಕೇಳಬೇಕೆಂದು ಆ ಗಳಿಗೆಯಲ್ಲೇ ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಎರಡು ದಿನ ಚಿಮ್ಮಿದೆವು. ನನ್ನ ಹೆಬ್ಬೆರಳು ಊದಿಕೊಂಡಿತು. ಮೂರನೇ ದಿನ ಅಕ್ಕನ ಮಗಳು ದಾರಿಯಲ್ಲಿ ಒಂದು ತೆಳು ಗಾಜಿನ ಬಿಲ್ಲೆ ಇಟ್ಟು, ಅವಳಿಗಳು ಈಗ ಪ್ರತಿ ಸಲವೂ ಉಲ್ಟಾ ಉತ್ತರ ಕೊಡುತ್ತವೆ, ಅದೂ ಸಂಬಂಧದ ಗುರುತೇ ಎಂದು ತೋರಿಸಿ ಬರೆದಿಟ್ಟಳು. ಅದು ಅನುಬಂಧದ ಒಂಬತ್ತನೇ ಪುಟದಲ್ಲಿದೆ. ಅನುಬಂಧ ಓದುವ ಪದ್ಧತಿ ನಮ್ಮಲ್ಲಿಲ್ಲ.

ಲೆಕ್ಕ ಹಾಕಿ ಅವಳು ಸಾಹೇಬರ ಮುಂದೆ ಇಟ್ಟಳು. "ಉತ್ತರಾನ ಮೊದಲೇ ಬರ್ಕೊಂಡು ಬಂದವರಿಗೆ, ಎರಡು ಕಡೆ ಬೇರೆ ಬೇರೆ ಪ್ರಶ್ನೆ ಬೀಳೋ ಈ ಪರೀಕ್ಷೇಲಿ ನೂರಕ್ಕೆ ಎಪ್ಪತ್ತೈದಕ್ಕಿಂತ ಜಾಸ್ತಿ ಅಂಕ ಬರೋಕೆ ಸಾಧ್ಯವೇ ಇಲ್ಲ ಸಾರ್. ಇವಕ್ಕೆ ಎಂಬತ್ತನಾಲ್ಕು ಬಂದಿದೆ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂದ್ರೆ ಇವು ಮೊದಲೇ ಮಾತಾಡ್ಕೊಂಡಿಲ್ಲ. ಫೋನೂ ಮಾಡಿಲ್ಲ. ಆದ್ರೂ ಒಂದರ ಮಾತಿಗೆ ಇನ್ನೊಂದು ಬಿಟ್ಟುಕೊಟ್ಟಿಲ್ಲ. ಏನಂತ ಷರಾ ಬರೀಲಿ ಹೆಡ್ ಕ್ಲರ್ಕ್ ಅವರೇ?"

"'ದೂರ ಮಾಡಿದಾಗ್ಯೂ ಸಂಬಂಧ ಉಳಿದಿರುವುದು ರುಜುವಾತಾಗಿದೆ' ಅಂತ ಬರೀರಿ ಸಾರ್," ಎಂದೆ. ಅವಳ ಕರಾರು ಮುಂದುವರಿಯಲು ಬೇಕಾಗಿದ್ದುದು ಅದೇ ಒಂದು ವಾಕ್ಯ. ಸಾಹೇಬರು ಅದನ್ನೇ ಬರೆದರು, ಎರಡು ಪ್ರತಿ. ಕಾರಿಡಾರಿನಲ್ಲಿ ಅಕ್ಕನ ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು "ಧನ್ಯವಾದ ಹೆಡ್ ಕ್ಲರ್ಕ್ ಅವರೇ" ಎಂದಳು. ತಲೆ ಸವರಬೇಕೆನಿಸಿತು. ಜನ ಓಡಾಡುತ್ತಿದ್ದರು. ಸ್ವೀಕೃತಿ ಚೀಟಿ ಕೊಟ್ಟು ಬಂದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪ್ರಾಮಾಣಿಕರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. "ಇಷ್ಟು ಒಳ್ಳೇ ವಿಧಾನ ಸಿಕ್ಕಿರುವಾಗ ಬರೀ ಬೆಳಕಿಗೆ ಯಾಕೆ? ಎಲ್ಲ ಸಿಬ್ಬಂದಿಗೂ ಮಾಡೋಣ" ಎಂದು ಸಾಹೇಬರು ಸುತ್ತೋಲೆ ಹೊರಡಿಸಿಬಿಟ್ಟರು. ನಿರ್ದೇಶಕರನ್ನೂ ತಮ್ಮನ್ನೂ ಬಿಟ್ಟು ಇನ್ನೂರ ಹತ್ತು ಜನ. ಅರ್ಧ ಇಲ್ಲಿ, ಅರ್ಧ ಹಳೇ ಕಟ್ಟಡದಲ್ಲಿ. ಇಪ್ಪತ್ತು ಪ್ರಶ್ನೆ. ಇಬ್ಬರ ಉತ್ತರ ತೀರಾ ಹೊಂದಿಕೊಂಡರೆ ನಿಯಮ ಹತ್ತೊಂಬತ್ತರಂತೆ ಇಬ್ಬರೂ ವಜಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ವಾರ ಸಂಸ್ಥೆಯಲ್ಲಿ ಹೆಗಲು ಮುಟ್ಟಿಕೊಳ್ಳದವರೇ ಇಲ್ಲ. ಮೊದಲು ಬಂದವರು ಉಗ್ರಾಣದ ಮೇಲ್ವಿಚಾರಕರು. ಬಾಗಿಲು ಹಾಕಿಕೊಂಡು, "ನಮ್ಮ ಭಾವನೋರು... ಛೆ, ನಿರ್ದೇಶಕರು ಕೇಳಿ ಬಾ ಅಂದ್ರು. ಒಂದ್ವೇಳೆ, ಮಾತಿಗೆ ಹೇಳ್ತೀನಿ, ಯಾರಾದ್ರೂ ನೆಂಟರಿದ್ರೆ ಏನು ಮಾಡ್ಬೇಕು?" ಎಂದರು.

"ಬಹಳ ಸುಲಭ," ಎಂದೆ. "ನಿಮ್ಮ ನೆಂಟರು ಮನಸ್ಸಿಗೆ ಬಂದಿದ್ದು ಬರೀಲಿ, ನೀವು ಅದಕ್ಕೆ ಉಲ್ಟಾ ಬರೀರಿ. ಒಂದೂ ಹೊಂದಬಾರದು. ಎಣ್ಣೆ ಸೀಗೆಕಾಯಿ ಥರ ಇರ್ಬೇಕು." ಅವರು ನನ್ನ ಕೈ ಹಿಡಿದು ಕುಲುಕಿದರು. ಸಾಯಂಕಾಲದೊಳಗೆ ಈ ಸಲಹೆ ಯಾರಿಗೆ ಬೇಕೋ ಅವರಿಗೆಲ್ಲ ತಲುಪಿತು.

ಭಾನುವಾರ ಅಕ್ಕನ ಮನೆಯಲ್ಲಿ ಅಕ್ಕನ ಮಗಳು ಇನ್ನೊಂದು ಹೇಳಿದಳು. ನನ್ನ ಅಂಗೈಯಲ್ಲಿ ಒಂದು ನಾಣ್ಯ ಇಟ್ಟಳು.

"ನಾನು ನಿಜಾನೇ ಬರೀತೀನಿ. ನೀನು ಇದನ್ನ ಚಿಮ್ಮಿ, ಏನು ಬೀಳುತ್ತೋ ಅದನ್ನೇ ಬರಿ ಮಾಮ. ಸಂಬಂಧ ಇಲ್ಲದೋರು ಅರ್ಧ ಒಪ್ತಾರೆ, ಅರ್ಧ ಒಪ್ಪಲ್ಲ. ನಿನ್ನ ತಲೆ ಮಾತ್ರ ಓಡಿಸ್ಬೇಡ. ಕೈ ಮುಗೀತೀನಿ."

"ಇವನಿಗೆ ತಲೆ ಓಡಿಸ್ಬೇಡ ಅಂದ್ರೆ ಕೇಳ್ತಾನೇನೇ?" ಎಂದು ಒಳಗಿಂದ ಅಕ್ಕ ಕೂಗಿದಳು. "ಹುಟ್ಟಿದಾಗಿಂದ ನೋಡಿದೀನಿ."

ಪರೀಕ್ಷೆಯ ದಿನ ನಾನು ಹಳೇ ಕಟ್ಟಡದಲ್ಲಿದ್ದೆ, ಅವಳು ಇಲ್ಲಿ. ನಾಣ್ಯ ಜೇಬಿನಲ್ಲೇ ಇತ್ತು. ಕೈ ಹಾಕಿದೆ. ಆದರೆ ಸಹಿ ಹಾಕಿ ಕೊಡಬೇಕಾದ ಅಧಿಕೃತ ಕಾಗದ, ಅದರ ಮೇಲೆ ನಾಣ್ಯ ಹೇಳಿದ್ದನ್ನು ಬರೆಯುವುದೇ? ಮೂವತ್ತೊಂದು ವರ್ಷದಲ್ಲಿ ನಾನು ಯೋಚಿಸದೆ ಒಂದು ಅಕ್ಷರ ಬರೆದವನಲ್ಲ. ಬೆಳಕಿನ ವಿಚಾರಣೆಯಲ್ಲಿ ಚಿಮ್ಮಿದ್ದು ಪ್ರಶ್ನೆಗಾಗಿ, ಉತ್ತರಕ್ಕಾಗಿ ಅಲ್ಲ. ನಾಣ್ಯವನ್ನು ಅಲ್ಲೇ ಬಿಟ್ಟೆ. ಕಾಫಿಯೋ ಟೀಯೋ? ಅಕ್ಕನ ಮಗಳು, ನಮ್ಮ ಪುಟ್ಟಿ, ಟೀ ಎನ್ನುತ್ತಾಳೆ. ಕಾಫಿ ಎಂದು ಬರೆದೆ. ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ? ಅವಳಿಗೆ ತೆರೆದಿರಬೇಕು; ಮುಚ್ಚಿರಬೇಕು ಎಂದು ಬರೆದೆ. ದಾರಿಯಲ್ಲಿ ಪರಿಚಿತರು ಕಂಡರೆ ಮಾತಾಡಿಸುತ್ತೀರೋ, ರಸ್ತೆ ದಾಟುತ್ತೀರೋ? ಅವಳು ರಸ್ತೆ ದಾಟುವವಳು. ಮಾತಾಡಿಸುತ್ತೇನೆ ಎಂದು ಬರೆದೆ. ಇಪ್ಪತ್ತು ಪ್ರಶ್ನೆಯಲ್ಲಿ ಒಂದಕ್ಕೂ ತಡವರಿಸಲಿಲ್ಲ. ಬಹಳ ಸಮಾಧಾನದಿಂದ ಮನೆಗೆ ಹೋದೆ.

ಫಲಿತಾಂಶ ಹೇಳಲು ನಿರ್ದೇಶಕರು ದೊಡ್ಡ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿದರು. ಎರಡು ಪ್ರತಿ ಸಾಹೇಬರು ಎದ್ದು ನಿಂತು, ಖುಷಿಯಿಂದ ನಡುಗುವ ದನಿಯಲ್ಲಿ ಓದಿದರು.

"ತೀರಾ ಹೊಂದಿಕೊಂಡ ಉತ್ತರಗಳು ಒಂದೂ ಇಲ್ಲ. ಅಷ್ಟೇ ಅಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ಬೇರೆ ಬೇರೆ ಉತ್ತರ ಬರೆದಿರೋ ಇಪ್ಪತ್ತೆರಡು ಜೋಡಿಗಳಿವೆ! ಇವರಷ್ಟು ಸಂಬಂಧವಿಲ್ಲದವರು ಇಡೀ ಸಂಸ್ಥೆಯಲ್ಲೇ ಇಲ್ಲ."

ಚಪ್ಪಾಳೆ ಬಿತ್ತು. ಆ ಇಪ್ಪತ್ತೆರಡು ಜೋಡಿಗೂ 'ಉತ್ತಮ ನಿಸ್ಸಂಬಂಧಿ' ಎಂಬ ಪ್ರಶಂಸಾ ಪತ್ರ ಸಿದ್ಧವಾಗಿತ್ತು. ನಿರ್ದೇಶಕರ ಹೆಂಡತಿಯ ತಮ್ಮನಂತೆ ಕಾಣುವವರು, ಅವರ ಅಣ್ಣನ ಸೊಸೆಯಂತೆ ಕಾಣುವವರು, ಎಲ್ಲರೂ ಮುಂದಿನ ಸಾಲಿನಲ್ಲೇ ಕೂತಿದ್ದರು. ಹದಿನೇಳನೇ ಜೋಡಿ ನಾನು ಮತ್ತು ಕತ್ತಲೆ ಮೇಡಂ.

ವಿಧಾನ ಅವಳದಾದ್ದರಿಂದ ತಜ್ಞೆಯ ಸಹಿಯೊಂದು ಬೇಕಿತ್ತು. ನಿರ್ದೇಶಕರು ವರದಿಯನ್ನು ಅವಳ ಮುಂದಿಟ್ಟು, ಅದರ ಪಕ್ಕದಲ್ಲೇ ಅವಳ ಹೊಸ ಕರಾರಿನ ಕಾಗದವನ್ನೂ ಇಟ್ಟರು. "ಇದಕ್ಕೆ ನೀವು ಸಹಿ ಹಾಕಿ, ಅದಕ್ಕೆ ನಾನು ಹಾಕ್ತೀನಿ. ಒಂದೇ ಪೆನ್ನಲ್ಲಿ ಮುಗೀತದೆ."

ಅವಳು ಪೆನ್ನು ತೆಗೆದುಕೊಂಡಳು. ಜೋಡಿಗಳ ಪಟ್ಟಿಯ ಮೇಲೆ ಅವಳ ಕಣ್ಣು ಇಳಿಯುತ್ತಾ ಹೋಗಿ ಹದಿನೇಳರಲ್ಲಿ ನಿಂತಿತು. ತಲೆ ಎತ್ತಿ, ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು. ನಾಣ್ಯ ಎಲ್ಲಿ ಎಂದು ಕೇಳಿದ ಹಾಗಿತ್ತು. ಸಹಿ ಹಾಕಿಬಿಡೇ ಪುಟ್ಟಿ, ಒಂದು ಗೀಟು ಎಳೆದುಬಿಡು, ಮನೆಗೆ ಹೋಗಿ ಎಷ್ಟು ಬೇಕಾದರೂ ಬಯ್ಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಸಾರ್, ಬೆಳಕಿನ ವಿಚಾರಣೆ ವರದಿ, ಅನುಬಂಧ, ಪುಟ ಒಂಬತ್ತು," ಎಂದಳು. ಸಭೆಯಲ್ಲಿ ಯಾರಿಗೂ ಅಂಥದ್ದೊಂದು ಪುಟ ಇದೆಯೆಂದೇ ಗೊತ್ತಿರಲಿಲ್ಲ. "ಯಾವಾಗ್ಲೂ ಒಂದೇ ಉತ್ತರ ಕೊಡೋದು ಹೇಗೆ ಸಂಬಂಧವೋ, ಯಾವಾಗ್ಲೂ ಉಲ್ಟಾ ಉತ್ತರ ಕೊಡೋದೂ ಹಾಗೇ ಸಂಬಂಧ. ಒಬ್ಬರು ಹೇಳಿದ್ದಕ್ಕೆ ಇಪ್ಪತ್ತಕ್ಕೆ ಇಪ್ಪತ್ತೂ ಉಲ್ಟಾ ಹೇಳ್ಬೇಕು ಅಂದ್ರೆ, ಅವರೇನು ಹೇಳ್ತಾರೆ ಅಂತ ಇವರಿಗೆ ಅಷ್ಟು ಚೆನ್ನಾಗಿ ಗೊತ್ತಿರ್ಬೇಕಲ್ವಾ?"

ಎರಡು ಪ್ರತಿ ಸಾಹೇಬರು ಪುಟ ಒಂಬತ್ತನ್ನು ತೆಗೆದು ಓದಿದರು. "ಹೌದು," ಎಂದರು ಕೊನೆಗೆ. "ನಮ್ಮ ಮನೇಲಿ ಇಪ್ಪತ್ತಾರು ವರ್ಷದಿಂದ ಹಾಗೇ ನಡೀತಿದೆ."

"ಇದಕ್ಕೆ ಸಹಿ ಹಾಕಿದ್ರೆ ನನ್ನ ಬೆಳಕು ಸುಳ್ಳಾಗುತ್ತೆ ಸಾರ್. ನಾಲ್ಕು ವರ್ಷ ಕತ್ತಲೇಲಿ ಕೂತು ಕಂಡ್ಕೊಂಡಿದ್ದು ಅದೊಂದೇ. ನಾನು ಹಾಕಲ್ಲ. ಆ ಹದಿನೇಳನೇ ಜೋಡಿ ಇದೆಯಲ್ಲ, ಅದರಲ್ಲಿ ನನ್ನ ಜೊತೆ ಇರೋರು ನನ್ನ ಮಾಮ. ನಮ್ಮಮ್ಮನ ತಮ್ಮ."

ನನ್ನ ಕಾಲು ತಾನಾಗಿ ಎದ್ದು ನಿಂತಿತು. "ಹೌದು," ಎಂದೆ. "ಇವಳು ನಮ್ಮಕ್ಕನ ಮಗಳು. ಸೈಕಲ್ ಕಲಿಸಿದ್ದು ನಾನೇ. ಪ್ರಮಾಣಪತ್ರದಲ್ಲಿ ನಾಲ್ಕು ಸಲ ಸುಳ್ಳು ಬರೆದಿದ್ದೀನಿ. ಕಾಗುಣಿತ ಮಾತ್ರ ಸರಿಯಾಗಿದೆ." ದುಃಖ ಉಕ್ಕಿ ಬಂತು, ಆದರೆ ಸುಳ್ಳು ಹೇಳುವುದಿಲ್ಲ, ಹಗುರವೂ ಆಯಿತು.

ನಾವಿಬ್ಬರು ಹೋಗುವುದರ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಉಳಿದ ಇಪ್ಪತ್ತೊಂದು ಜೋಡಿಗಳಲ್ಲಿ ಹತ್ತೊಂಬತ್ತು ನಿರ್ದೇಶಕರ ಮನೆಯ ಊಟದ ಮೇಜಿನ ಸುತ್ತ ಕೂರುವಂಥವು. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ನಿರ್ದೇಶಕರು ಮುಖ ಒರೆಸಿಕೊಂಡು ಸಾಹೇಬರ ಕಡೆ ತಿರುಗಿದರು.

"ಸಂಬಂಧ ರುಜುವಾತಾದ್ರೂ ವಜಾ ಆಗದೇ ಇರೋಕೆ ದಾರಿ ಇದೆಯೇನ್ರಿ?"

"ಸಲಕರಣೆಗಳಿಗೆ ಇದೆ ಸಾರ್. ಉಪನಿಯಮ ನಾಲ್ಕು. ಬೆಳಕಿಗೂ ಸಿಗ್ತಿತ್ತು. ಸ್ಟಿಕ್ಕರ್ ಅಂಟಲಿಲ್ಲ, ಅದೊಂದೇ ಅಡ್ಡಿ ಆಗಿದ್ದು."

ನಿರ್ದೇಶಕರು ಮುಂದಿನ ಸಾಲಿನಲ್ಲಿದ್ದ ಉಗ್ರಾಣದ ಮೇಲ್ವಿಚಾರಕರ ಅಂಗಿಯನ್ನು ದಿಟ್ಟಿಸಿದರು. "ಇವರಿಗೆ ಅಂಟುತ್ತಾ ನೋಡಿ."

ಸಾಹೇಬರು ಉಗ್ರಾಣದಿಂದ ಸುರುಳಿ ತರಿಸಿ, ಒಂದು ಸ್ಟಿಕ್ಕರ್ ಬಿಡಿಸಿ ಮೇಲ್ವಿಚಾರಕರ ಎದೆಗೆ ಒತ್ತಿದರು. ಒಂದು ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಸಾಹೇಬರು ಅಂಚನ್ನು ಉಗುರಿನಿಂದ ಕೆರೆದು ಪರೀಕ್ಷಿಸಿ, ಪ್ರಾಮಾಣಿಕವಾಗಿ ಘೋಷಿಸಿದರು: "ಅಂಟಿದೆ."

ಅದೇ ದಿನ ನಾಲ್ಕು ಗಂಟೆಗೆ ನಾನೇ ಬರೆದ ಸುತ್ತೋಲೆ ಹೀಗಿದೆ: "ಪರಸ್ಪರ ಬಿಡಿಸಲಾಗದ ಸಂಬಂಧ ಹೊಂದಿರುವುದು ವೈಜ್ಞಾನಿಕವಾಗಿ ರುಜುವಾತಾಗಿರುವ ಇಪ್ಪತ್ತೆರಡು ಜೋಡಿಗಳನ್ನು ಈ ಕೂಡಲೇ ಸಿಬ್ಬಂದಿ ಪಟ್ಟಿಯಿಂದ ತೆಗೆದು ಜೋಡಿ ಸಲಕರಣೆಗಳೆಂದು ದಾಖಲಿಸತಕ್ಕದ್ದು. ಸದರಿ ಸಲಕರಣೆಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸತಕ್ಕದ್ದಲ್ಲ. ಧೂಳು ಬೀಳದಂತೆ ನೋಡಿಕೊಳ್ಳತಕ್ಕದ್ದು." ಸಲಕರಣೆಗೆ ಕರಾರು ಬೇಡವಾದ್ದರಿಂದ ಅಕ್ಕನ ಮಗಳ ಕಾಗದವನ್ನು ಹರಿದುಹಾಕಲಾಯಿತು. ಅವಳ ಕೆಲಸ ಈಗ ಖಾಯಂ. ಕೆಟ್ಟುಹೋಗುವವರೆಗೆ ಯಾರೂ ಅವಳನ್ನು ತೆಗೆಯುವಂತಿಲ್ಲ. ನನಗೂ ನಿವೃತ್ತಿ ಇಲ್ಲ. ಗುಜರಿಗೆ ಹಾಕುವವರೆಗೆ ಸೇವೆ.

ಸಲಕರಣೆಯಾದರೆ ಇಷ್ಟು ಸೌಕರ್ಯ ಎಂದು ತಿಳಿದದ್ದೇ ತಡ, ನಿರ್ದೇಶಕರು 'ಜೋಡಿ ಸಲಕರಣೆಗಳ ವರ್ಧನಾ ಯೋಜನೆ' ಪ್ರಕಟಿಸಿದರು. ಇಪ್ಪತ್ತೆರಡು ಜೋಡಿ ಮೊದಲ ವಾರಕ್ಕೆ ನಲವತ್ತಾಯಿತು, ತಿಂಗಳ ಕೊನೆಗೆ ನೂರೈದು. ಲೆಕ್ಕ ಶಾಖೆಯವನೂ ಮಾಲಿಯೂ ಅಣ್ಣತಮ್ಮಂದಿರೆಂದು ಬರೆದುಕೊಟ್ಟರು. ಅದೇ ತಾನೇ ಪರಿಚಯವಾದ ಇಬ್ಬರು ಟೈಪಿಸ್ಟರು ಅತ್ತೆ ಸೊಸೆಯಾದರು. ನಾನು ಹೋಗಿ ಇದನ್ನು ಹೇಳಿದಾಗ ಅಕ್ಕನ ಮಗಳು ಕತ್ತಲೆಯಲ್ಲೇ ನಕ್ಕಳು. "ಗುಂಡೀನ ಕೊನೇವರೆಗೂ ತಿರುಗಿಸಿಬಿಟ್ರು ಮಾಮ," ಎಂದಳು.

ಈಗ ಸಂಸ್ಥೆ ಸುಗಮವಾಗಿ ನಡೆಯುತ್ತಿದೆ. ನಿರ್ದೇಶಕರು 'ಸಲಕರಣೆಗಳ ಪಾಲಕರು' ಎಂದು ದಾಖಲಾಗಿದ್ದಾರೆ. ಹಾಜರಿ ಪುಸ್ತಕದಲ್ಲಿ ಮನುಷ್ಯರೆಂದು ಉಳಿದಿರುವವರು ಎರಡು ಪ್ರತಿ ಸಾಹೇಬರೊಬ್ಬರೇ. ಮೊನ್ನೆ ನನ್ನ ಮೇಜಿನ ಹತ್ತಿರ ಬಂದು, "ನನಗೂ ಯಾರಾದ್ರೂ ಏನಾದ್ರೂ ಆಗ್ಬೇಕಿತ್ತಾ ಅಂತ ಹಳೇ ಕಡತದಲ್ಲಿ ಒಂದ್ಸಲ ನೋಡ್ತೀರಾ?" ಎಂದು ಮೆಲ್ಲಗೆ ಕೇಳಿದರು. ಹುಡುಕುತ್ತಿದ್ದೇನೆ.

ನನ್ನ ಅಂಗಿಯ ಮೇಲೆ 17-ಅ ಎಂಬ ಸ್ಟಿಕ್ಕರ್ ಇದೆ, ಅವಳದು 17-ಆ. ಆ ನಾಣ್ಯ ಇನ್ನೂ ನನ್ನ ಜೇಬಿನಲ್ಲೇ ಇದೆ, ಒಂದು ಸಲವೂ ಚಿಮ್ಮಿಲ್ಲ. ದಿನಾ ಒಂದು ಗಂಟೆಗೆ ಅವಳು ಕತ್ತಲೆ ಕೋಣೆಯಿಂದ ಕಣ್ಣು ಕಿರಿದು ಮಾಡಿಕೊಂಡು ಬಂದು, ಸಿಬ್ಬಂದಿ ಶಾಖೆಯ ಬಾಗಿಲಲ್ಲಿ ನಿಂತು, ಇಡೀ ಕಾರಿಡಾರಿಗೆ ಕೇಳುವ ಹಾಗೆ "ಮಾಮ, ಊಟಕ್ಕೆ ಏಳು" ಎಂದು ಕೂಗುತ್ತಾಳೆ. ಒಬ್ಬರೂ ತಲೆ ಎತ್ತಿ ನೋಡುವುದಿಲ್ಲ. ಸಲಕರಣೆ ಆಗಾಗ ಸದ್ದು ಮಾಡುವುದು ಸಹಜ. ಎರಡು ಸಲಕರಣೆಗಳು ಒಟ್ಟಿಗೆ ಕೂತು ಊಟ ಮಾಡಬಾರದೆಂದು ಯಾವ ನಿಯಮದಲ್ಲೂ ಇಲ್ಲ. ನಾನು ಎಲ್ಲವನ್ನೂ ತೆಗೆದು ನೋಡಿದ್ದೇನೆ, ಅನುಬಂಧ ಸಮೇತ.